ಕೊಕ್ಕರೆ ಎಂದರೆ ಯಾವ ಹಕ್ಕಿ?

ಹೊಟ್ಟೆಪಾಡಿಗಾಗಿ ಚೆನ್ನೈಗೆ ಬಂದು ನೆಲಸಿದ ಕನ್ನಡಿಗರನ್ನು ಬಹಳ ಪೇಚಿಗೆ ಸಿಕ್ಕಿಸುವ ತಮಿಳು ಮಾತುಗಳು ಯಾವುವು ಎಂದು ಯಾರಾದರೂ ಕೇಳಿದರೆ, ಗೊತ್ತಿರುವ ಮಾತುಗಳೇ ಎಂದು ನಾವು ಉತ್ತರ ಕೊಟ್ಟೇವು. ಗೊತ್ತಿಲ್ಲದ ಮಾತಾದರೆ ನಾಲ್ಕು ಜನರನ್ನು ಕೇಳಿ ತಿಳಿದುಕೊಳ್ಳಬಹುದು. ಗೊತ್ತಿದೆಯೆಂದುಕೊಂಡ ಮಾತು ಹಾಗಲ್ಲ. ಅದು ನೆಂಟನ ವೇಷದಲ್ಲಿ ಬಂದು ಕೈಕೊಡುತ್ತದೆ. 'ಮನೈ' ಮಾರಾಟಕ್ಕಿದೆ ಎಂಬ ಹಲಗೆಯನ್ನು ಕಂಡು ಮನೆ ನೋಡಲು ಹೋದರೆ, ಅಲ್ಲಿ ಕಾಣುವುದು ನಾಲ್ಕು ಮೂಲೆಗೆ ಕಲ್ಲು ನೆಟ್ಟ ಬರಿಯ ನಿವೇಶನ. 'ಏರಿ' ಎಂದರೆ ನಮಗೆ ಕೆರೆಯ ಕಟ್ಟೆ; ಇಲ್ಲಿಯವರಿಗೆ ಏರಿಯೆಂದರೆ ಕೆರೆಯೇ. ನಮ್ಮ 'ಕೆರೆ'ಯಂತೆಯೇ ಕಿವಿಗೆ ಬೀಳುವ ಇವರ 'ಕರೈ' ಎಂಬುದು ನೀರಿನ ದಡ. ಅಂತೂ ಅವರ ನೀರು ನಮಗೆ ದಂಡೆ, ನಮ್ಮ ನೀರು ಅವರಿಗೆ ದಂಡೆ!

ಇಂಥ ಜೋಡಿ ಮಾತುಗಳ ಪಟ್ಟಿಯಲ್ಲಿ ನಮಗೆ ಬಲು ಪ್ರಿಯವಾದದ್ದು ಒಂದು ನೀರುಹಕ್ಕಿಯ ಹೆಸರು. ಅದನ್ನು ಹಿಡಿದು ಹೊರಟರೆ ಮಾತಿನಿಂದ ಕೆರೆಗೆ, ಕೆರೆಯಿಂದ ನಾವು ಬಾಡಿಗೆ ಕೊಟ್ಟು ವಾಸಿಸುವ ಬೀದಿಗೆ ಬಂದು ಮುಟ್ಟುತ್ತೇವೆ. ಆದ್ದರಿಂದ ಈ ವಿಷಯವನ್ನು ಓದುಗರ ಮುಂದಿಡಬೇಕೆನಿಸಿತು.

ಮೂರನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳು ಒಂದು ದಿನ ತಮಿಳು ಪಾಠದ ಪುಸ್ತಕವನ್ನು ಹಿಡಿದುಕೊಂಡು ಬಂದಳು. ಪುಟದಲ್ಲಿ ಬಿಳಿಯ ಹಕ್ಕಿಯೊಂದರ ಚಿತ್ರ. ಅದರ ಕೆಳಗೆ 'ಕೊಕ್ಕು' ಎಂದು ಅಚ್ಚಾಗಿತ್ತು. "ಅಪ್ಪಾ, ನೀವು ಹಕ್ಕಿ ಬಾಯಿಗೆ ಕೊಕ್ಕು ಅಂತೀರಿ. ಮಿಸ್ಸು ಹಕ್ಕಿಗೇ ಕೊಕ್ಕು ಅಂತಾರೆ. ಹಾಗಾದ್ರೆ ಕೊಕ್ಕಿನ ಕೊಕ್ಕಿಗೆ ಏನನ್ನಬೇಕು?" ಎಂದು ಕೇಳಿದಳು. ಮದ್ದೂರಿನ ಕಡೆಯಿಂದ ಬಂದು ಕೆಲವು ದಿನ ನಮ್ಮೊಡನಿದ್ದ ನಮ್ಮ ಅವ್ವ ಚಿತ್ರವನ್ನು ನೋಡಿ, "ಇದು ಬೆಳ್ಳಕ್ಕಿ ಕಣವ್ವ. ಕೊಕ್ಕರೆ ಬ್ಯಾರೆ. ಅದು ಇದಕ್ಕಿಂತ ಎಷ್ಟೋ ದೊಡ್ಡದು" ಎಂದು ತೀರ್ಪು ಕೊಟ್ಟರು. ಪಕ್ಕದ ಮನೆಯ ಪಾಟಿಯವರನ್ನೂ ಕೇಳಿದ್ದಾಯಿತು. ಅಷ್ಟು ದೊಡ್ಡದಾದರೆ ಅದು ಕೊಕ್ಕಲ್ಲ, ನಾರೈ ಎಂದು ಅವರು ಹೇಳಿದರು. ಹಕ್ಕಿಯ ಬಾಯಿಗೆ ಅಲಗು ಎಂಬ ಹೆಸರಿದೆಯೆಂದೂ ತಿಳಿಸಿದರು. ನಮ್ಮಲ್ಲಿ ಅಲಗೆಂದರೆ ಕತ್ತಿಯ ಬಾಯಿ!

ಅಂದು ರಾತ್ರಿ ಊಟದ ಹೊತ್ತಿಗೆ ಲೆಕ್ಕ ತಾಳೆಯಾಯಿತು. ತಮಿಳಿನ ಕೊಕ್ಕು ನಮ್ಮ ಬೆಳ್ಳಕ್ಕಿ. ತಮಿಳಿನ ನಾರೈ ನಮ್ಮ ಕೊಕ್ಕರೆ. ನಮ್ಮ ಕೊಕ್ಕು ತಮಿಳಿನ ಅಲಗು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರಿಬ್ಬರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಘಂಟಿನಲ್ಲಿ ತಮಿಳು ಮತ್ತು ಮಲೆಯಾಳದ ಕೊಕ್ಕು, ತೆಲುಗಿನ ಕೊಂಗ, ತುಳುವಿನ ಕೊರ್ಂಗು, ನಮ್ಮ ಕೊಕ್ಕರೆ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಒಂದೇ ಮನೆತನದ ಅಣ್ಣತಮ್ಮಂದಿರು ಹಿಸ್ಸೆಯಾದ ಮೇಲೆ ಹೆಸರು ಎಲ್ಲರ ಪಾಲಿಗೂ ಬಂತು, ಹಕ್ಕಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬಂತು ಎನ್ನಬಹುದು.

ಆದರೆ ಕನ್ನಡದ ಕೊಕ್ಕರೆಯಾದರೂ ಒಂದೇ ಹಕ್ಕಿಯೇ ಎಂದು ವಿಚಾರಿಸಿದರೆ ಅದೂ ಅಲ್ಲ. ಕೊಕ್ಕರೆಯೆಂಬುದು ಒಂದು ಛತ್ರದಂಥ ಹೆಸರು. ಉದ್ದ ಕಾಲು, ಉದ್ದ ಕತ್ತು, ಉದ್ದ ಕೊಕ್ಕು ಇದ್ದು ನೀರಿನಲ್ಲಿ ನಿಲ್ಲುವ ಯಾವ ಹಕ್ಕಿ ಬಂದರೂ ಅಲ್ಲಿ ತಂಗಲು ಜಾಗವುಂಟು. ಹಕ್ಕಿಗಳ ಶಾಸ್ತ್ರ ಬಲ್ಲವರು ಈ ಛತ್ರದಲ್ಲಿ ಮುಖ್ಯವಾಗಿ ಮೂರು ಮನೆತನಗಳನ್ನು ಬೇರೆ ಮಾಡುತ್ತಾರೆ. ಮೊದಲನೆಯದು ಬಕಗಳದು, ಇಂಗ್ಲಿಷಿನಲ್ಲಿ ಹೆರನ್. ಬೆಳ್ಳಕ್ಕಿಗಳೂ ಇದೇ ಮನೆತನದವು. ಎರಡನೆಯದು ನಿಜವಾದ ಕೊಕ್ಕರೆಗಳದು, ಇವು ಸ್ಟಾರ್ಕ್. ಮೂರನೆಯದು ಕ್ರೌಂಚಗಳದು, ಇವು ಕ್ರೇನ್.

ಇವುಗಳನ್ನು ಗುರುತಿಸಲು ದುರ್ಬೀನು ಬೇಕೇಬೇಕೆಂದಿಲ್ಲ. ಮಕ್ಕಳೂ ನೆನಪಿಟ್ಟುಕೊಳ್ಳಬಹುದಾದ ಮೂರು ಗುರುತುಗಳಿವೆ. ಹಾರುವಾಗ ಕತ್ತನ್ನು ಮಡಿಸಿ ಹೆಗಲ ನಡುವೆ ಹುದುಗಿಸಿಕೊಂಡರೆ ಅದು ಬಕ ಅಥವಾ ಬೆಳ್ಳಕ್ಕಿ. ಕತ್ತನ್ನು ನೀಳವಾಗಿ ಮುಂದಕ್ಕೆ ಚಾಚಿಕೊಂಡು ಹಾರಿದರೆ ಕೊಕ್ಕರೆ ಅಥವಾ ಕ್ರೌಂಚ. ಹಾಗೆ ಹಾರಿ ಹೋಗಿ ಮರದ ಮೇಲೆ ಕುಳಿತುಕೊಂಡರೆ ಕೊಕ್ಕರೆ. ನಮ್ಮ ದೇಶದ ಕ್ರೌಂಚಗಳ ಹಿಂದಿನ ಬೆರಳು ಗಿಡ್ಡ, ಕೊಂಬೆಯನ್ನು ಅವುಚಿ ಹಿಡಿಯಲಾರದು, ಆದ್ದರಿಂದ ಅವು ನೆಲ ಬಿಟ್ಟು ಮರ ಹತ್ತುವುದಿಲ್ಲ. ದನಿಯಲ್ಲಿಯೂ ಭೇದವುಂಟು. ಕ್ರೌಂಚ ಕಹಳೆಯಂತೆ ಕೂಗುತ್ತದೆ. ಬೆಳೆದ ಕೊಕ್ಕರೆಗೆ ಹೇಳಿಕೊಳ್ಳುವಂಥ ದನಿಯೇ ಇಲ್ಲ; ಗೂಡಿನಲ್ಲಿ ಜೊತೆಯ ಹಕ್ಕಿಯನ್ನು ಕಂಡಾಗ ಕೊಕ್ಕನ್ನು ಟಕಟಕನೆ ಬಡಿದು ಸಂತೋಷಪಡುತ್ತದೆ. ಹೀಗಿರುವಾಗ ಕೆರೆಯ ನಡುವಣ ಮರಗಳಲ್ಲಿ ಗೂಡು ಕಟ್ಟಿರುವ ಹಕ್ಕಿಗಳನ್ನು ತೋರಿಸಿ 'ಕ್ರೇನ್ ನೋಡು' ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ನಿಜವಾದ ಕ್ರೌಂಚಗಳಲ್ಲಿ ಒಂದು ಜಾತಿ ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಬಯಲಿನವರೆಗೆ ಬರುವುದುಂಟು. ಚೆನ್ನೈಯಲ್ಲಿ ನಿತ್ಯವೂ ನೋಡಸಿಗುವ ಕ್ರೇನುಗಳೆಂದರೆ ಬಂದರದಲ್ಲಿ ಸಾಲಾಗಿ ನಿಂತು ಹಡಗಿನ ಸರಕನ್ನೆತ್ತುವ ಯಂತ್ರಗಳು ಮಾತ್ರ. ಆ ಯಂತ್ರಕ್ಕೂ ಹೆಸರು ಬಂದದ್ದು ಈ ಹಕ್ಕಿಯ ಕತ್ತಿನಿಂದಲೇ. ವಂಶಾವಳಿಗೆ ಇಂಗ್ಲಿಷಿನಲ್ಲಿ ಹೇಳುವ ಪೆಡಿಗ್ರೀ ಎಂಬ ಮಾತು ಸಹ ಹಳೆಯ ಫ್ರೆಂಚಿನಲ್ಲಿ 'ಕ್ರೌಂಚದ ಕಾಲು' ಎಂದಿತ್ತು. ವಂಶಾವಳಿಯ ಪಟದಲ್ಲಿ ಕವಲೊಡೆಯುವ ಗೆರೆಗಳು ಹಕ್ಕಿಯ ಪಾದದ ಗುರುತಿನಂತೆ ಕಾಣುತ್ತವೆಯಷ್ಟೆ. ಕಚೇರಿಯಲ್ಲಿ ವಾರಸುದಾರರ ಪಟ್ಟಿಯನ್ನು ನೋಡಿ ನೋಡಿ ಸಾಕಾದ ನಮಗೆ ಅದರಲ್ಲೊಂದು ಹಕ್ಕಿಯ ಕಾಲಿದೆಯೆಂದು ತಿಳಿದಾಗ ತುಸು ಹಿಗ್ಗೇ ಆಯಿತು.

ಹೆಸರು ಕೂಡಿಬಂದಂತೆ ಕೀರ್ತಿ ಅಪಕೀರ್ತಿಗಳೂ ಕೂಡಿಬರುತ್ತವೆ. ಬಕಪಕ್ಷಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಒಂಟಿ ಕಾಲಿನಲ್ಲಿ ನಿಂತು, ಕಣ್ಣು ಅರೆಮುಚ್ಚಿ, ಮೀನು ಬಂದ ಕೂಡಲೇ ಗಬಕ್ಕನೆ ನುಂಗುವ ಅದರ ವೃತ್ತಿಯಿಂದ ಬಕಧ್ಯಾನ ಎಂಬ ಬೈಗುಳವೇ ಹುಟ್ಟಿತು. ಪಂಚತಂತ್ರದ ಬಕ ಮೀನುಗಳಿಗೆ ಸುಳ್ಳು ಹೇಳಿ ಕೊನೆಗೆ ಏಡಿಯ ಕೈಯಲ್ಲಿ ಕತ್ತು ಕತ್ತರಿಸಿಕೊಂಡಿತು. ಭಾಗವತದಲ್ಲಿ ಅದು ಬಕಾಸುರನಾಗಿ ಕೃಷ್ಣನನ್ನು ನುಂಗಲು ಬಂತು. ಇದೇ ಹಕ್ಕಿಗೆ ತಮಿಳಿನಲ್ಲಿ ಬೇರೆಯೇ ಮರ್ಯಾದೆ ಸಿಕ್ಕಿದೆ. ತಿರುಕ್ಕುರಳಿನಲ್ಲಿ ಕಾಲವನ್ನರಿಯುವುದನ್ನು ಕುರಿತ ಅಧ್ಯಾಯದ ಕೊನೆಯಲ್ಲಿ ತಿರುವಳ್ಳುವರು ಕೊಕ್ಕನ್ನೇ ಮೇಲ್ಪಂಕ್ತಿಯಾಗಿ ಹಿಡಿದಿದ್ದಾರೆ. ಕಾಯಬೇಕಾದಾಗ ಅದರಂತೆ ಕಾಯಬೇಕು, ಸಮಯ ಬಂದಾಗ ಅದರಂತೆ ತಪ್ಪದೆ ಎರಗಬೇಕು ಎಂಬುದು ತಾತ್ಪರ್ಯ. ಅದೇ ಹಕ್ಕಿ, ಅದೇ ನಿಲುವು. ಒಂದು ಊರಿನಲ್ಲಿ ಕಪಟ, ಇನ್ನೊಂದು ಊರಿನಲ್ಲಿ ತಾಳ್ಮೆ.

ಎರಡು ನಾಡುಗಳೂ ಹಂಚಿಕೊಂಡ ಕಥೆಯೂ ಒಂದುಂಟು. ಮಹಾಭಾರತದ ಅರಣ್ಯಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನ ಮೇಲೆ ಮರದಲ್ಲಿದ್ದ ಬಲಾಕೆಯೊಂದು ಹಿಕ್ಕೆ ಹಾಕುತ್ತದೆ. ಅವನು ಸಿಟ್ಟಿನಿಂದ ನೋಡಿದೊಡನೆಯೇ ಅದು ಸತ್ತು ಬೀಳುತ್ತದೆ. ಆಮೇಲೆ ಅವನು ಭಿಕ್ಷೆಗೆ ಹೋದ ಮನೆಯಲ್ಲಿ ಗೃಹಿಣಿ ಗಂಡನ ಉಪಚಾರ ಮುಗಿಸಿ ತಡವಾಗಿ ಬರುತ್ತಾಳೆ. ಅವನು ಕಣ್ಣು ಕೆಂಪಗೆ ಮಾಡಿದಾಗ, ತಾನು ಆ ಬಲಾಕೆಯಲ್ಲವೆಂದು ಶಾಂತವಾಗಿ ಹೇಳಿ, ಮಿಥಿಲೆಯ ಧರ್ಮವ್ಯಾಧನ ಬಳಿ ಪಾಠ ಕಲಿಯಲು ಕಳಿಸುತ್ತಾಳೆ. ತಮಿಳುನಾಡಿನಲ್ಲಿ ಈ ಕಥೆಯೇ ಕೊಂಗಣ ಸಿದ್ಧನ ಮೇಲೂ ವಳ್ಳುವರ ಹೆಂಡತಿ ವಾಸುಕಿಯ ಮೇಲೂ ಬಂದು ನಿಂತಿದೆ. 'ನನ್ನನ್ನು ಕೊಕ್ಕೆಂದು ತಿಳಿದೆಯಾ, ಕೊಂಗಣಾ?' ಎಂಬ ಅರ್ಥದ ಗಾದೆ ಇಲ್ಲಿ ಮನೆಮನೆಯ ಮಾತು. ನಮ್ಮ ಕಚೇರಿಯಲ್ಲಿ ಮೇಲಿನವರು ವಿನಾಕಾರಣ ಸಿಡುಕಿದಾಗ ಪಕ್ಕದ ಮೇಜಿನ ಮಿತ್ರರು ಇದನ್ನು ಮೆಲ್ಲಗೆ ಗೊಣಗುವುದನ್ನು ನಾವು ಕೇಳಿದ್ದೇವೆ.

ಇಷ್ಟಾದ ಮೇಲೆ ಓದುಗರು ಕೇಳಬಹುದು: ಹಕ್ಕಿಗೆ ಹೆಸರು ಯಾವುದಾದರೇನು, ಅದು ಮೀನು ಹಿಡಿಯುವುದನ್ನು ಬಿಡುತ್ತದೆಯೇ? ಬಿಡುವುದಿಲ್ಲ. ಆದರೆ ಹೆಸರನ್ನು ಬಿಡಿಬಿಡಿಯಾಗಿ ಬಲ್ಲ ಜನರೇ ಈ ಹಕ್ಕಿಗಳನ್ನು ಉಳಿಸಿಕೊಂಡು ಬಂದಿದ್ದಾರೆಂಬುದು ನಮ್ಮ ಎರಡು ನಾಡುಗಳ ಅನುಭವ.

ಮೊದಲು ನಮ್ಮ ನಾಡಿನದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಹತ್ತಿರ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ಹಕ್ಕಿ ಊರಿಗೆ ಹೆಸರು ಕೊಟ್ಟಿತು. ಊರು ಹಕ್ಕಿಗೆ ಮರ ಕೊಟ್ಟಿತು. ಚಳಿಗಾಲ ಕಾಲಿಟ್ಟಂತೆ ಹಕ್ಕಿಗಳು ಬಂದು ಮನೆಗಳ ನಡುವಣ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಹೊರಡುತ್ತವೆ. ಪ್ಲೇಗಿನ ಕಾಲದಲ್ಲಿ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಬೆನ್ನ ಹಿಂದೆಯೇ ಬಂದುವೆಂದು ಅಲ್ಲಿಯವರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ವಿಷಯವನ್ನು ಹೊರಗಿನವರ ಗಮನಕ್ಕೆ ತಂದರು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು.

ಊರಿನ ಹೆಸರಿನಲ್ಲಿ ಕೊಕ್ಕರೆಯೊಂದೇ ಇದ್ದರೂ ಊರಿನ ಜನರಿಗೆ ಬಣ್ಣದ ಕೊಕ್ಕರೆ ಬೇರೆ, ಹೆಜ್ಜಾರ್ಲೆ ಬೇರೆ. ಬಣ್ಣದ ಕೊಕ್ಕರೆಗೆ ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಬಣ್ಣದ ಗರಿ. ಹೆಜ್ಜಾರ್ಲೆಗೆ ಗಿಡ್ಡ ಕಾಲು, ಕೊಕ್ಕಿನ ಕೆಳಗೆ ಜೋಳಿಗೆಯಂಥ ಚೀಲ. ಇಂಗ್ಲಿಷಿನ ಪೆಲಿಕನ್ ಅದೇ. ತವರಿಗೆ ಬಾಣಂತನಕ್ಕೆ ಬಂದ ಮಗಳಂತೆ ಈ ಹಕ್ಕಿಗಳನ್ನು ಕಾಣುತ್ತೇವೆಂಬುದು ಅಲ್ಲಿನ ಹೆಂಗಸರ ಮಾತು. ಯೂರೋಪಿನ ಕಡೆ ಕೊಕ್ಕರೆ ಮನೆಗೆ ಮಗುವನ್ನು ತಂದುಕೊಡುತ್ತದೆಂದು ಮಕ್ಕಳಿಗೆ ಕಥೆ ಹೇಳುತ್ತಾರೆ; ನಮ್ಮಲ್ಲಿ ಕೊಕ್ಕರೆಯೇ ಬಾಣಂತಿ! ಈ ಪ್ರೀತಿಯ ಹಿಂದೆ ಲೆಕ್ಕಾಚಾರವೂ ಇಲ್ಲದಿಲ್ಲ. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಗುಂಡಿಗಳಲ್ಲಿ ಕೂಡಿಟ್ಟು ಗೊಬ್ಬರ ಮಾಡುತ್ತಾರೆ. ಹಕ್ಕಿಗಾಗಿ ಹುಣಸೆಯ ಫಸಲನ್ನು ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬಂತು. 1990ರ ದಶಕದಲ್ಲಿ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರು ಸಂಘ ಕಟ್ಟಿಕೊಂಡರು. ಅದಕ್ಕಿಟ್ಟ ಹೆಸರು ಹೆಜ್ಜಾರ್ಲೆ ಬಳಗ.

2017ರ ಕೊನೆಯಲ್ಲಿ ಆ ಊರಿನಲ್ಲಿ ಹಕ್ಕಿಗಳು ಮರದಿಂದ ಬಿದ್ದು ಸಾಯತೊಡಗಿದುವು. ಮುಂದಿನ ವರ್ಷದ ಮೊದಲ ತಿಂಗಳುಗಳವರೆಗೂ ಸಾವು ಮುಂದುವರಿಯಿತು. ಸತ್ತವು ಹೆಜ್ಜಾರ್ಲೆಗಳು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುವು. ತಿಂದ ಮೀನಿನ ಮೂಲಕ ಹುಳು ಸೇರಿತ್ತೆಂದು ತಿಳಿಯಿತು. ಎಲ್ಲವನ್ನೂ ಕೊಕ್ಕರೆಯೆಂದೇ ಕರೆಯುವವನಿಗೆ 'ಕೊಕ್ಕರೆ ಸತ್ತವು' ಎಂಬಷ್ಟೇ ಸುದ್ದಿ. ಹೆಸರನ್ನು ಬಿಡಿಸಿ ಬಲ್ಲವನು 'ಹೆಜ್ಜಾರ್ಲೆ ಸತ್ತಿತು' ಎನ್ನುತ್ತಾನೆ. ಹಾಗೆಂದೊಡನೆ ಅದು ಮೇಯುವ ಕೆರೆ ಯಾವುದು, ಆ ನೀರಿನಲ್ಲೇನು ಸೇರಿದೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈಗ ತಮಿಳುನಾಡಿನದು. ಚೆನ್ನೈಯಿಂದ ಸುಮಾರು 80 ಕಿಲೋಮೀಟರು ದೂರದಲ್ಲಿ, ಚೆಂಗಲ್ಪಟ್ಟು ಜಿಲ್ಲೆಯಲ್ಲಿರುವ ವೇಡಂತಾಂಗಲ್ ಏರಿ, ಅಂದರೆ ಕೆರೆ, ಸುಮಾರು 30 ಹೆಕ್ಟೇರಿನ ಚಿಕ್ಕ ಕೆರೆ. ಕುಂಪಣಿ ಸರಕಾರದ ಕಾಲದಲ್ಲಿ ಸಿಪಾಯಿಗಳು ಅಲ್ಲಿಯ ಹಕ್ಕಿಗಳಿಗೆ ಗುಂಡು ಹಾರಿಸಿದಾಗ ಹಳ್ಳಿಯವರು ಕಲೆಕ್ಟರರ ಬಳಿಗೆ ದೂರು ಒಯ್ದರು. 1798ರಲ್ಲಿ ಲಯೊನೆಲ್ ಪ್ಲೇಸ್ ಎಂಬ ಕಲೆಕ್ಟರು ಹಕ್ಕಿಗಳನ್ನು ಕಾಯುವ ಹಕ್ಕನ್ನು ಹಳ್ಳಿಯವರಿಗೇ ಬರೆದುಕೊಟ್ಟ ಕೌಲು ಹುಟ್ಟಿದ್ದು ಹೀಗೆ. 1858ರಲ್ಲಿ ಅದನ್ನು ಮತ್ತೆ ಊರ್ಜಿತ ಮಾಡಿದರು. ಹಳ್ಳಿಯವರ ವಾದ ಸರಳವಾಗಿತ್ತು: ಹಕ್ಕಿಗಳ ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರದ ನೀರು, ಹಕ್ಕಿ ಹೋದರೆ ಬೆಳೆ ಹೋಗುತ್ತದೆ. ಒಬ್ಬ ಗುಮಾಸ್ತೆಯಾಗಿ ನಾವು ಹೇಳುತ್ತೇವೆ, ಸರಕಾರದ ಕಡತಗಳಲ್ಲಿ ಇಷ್ಟು ಬೆಲೆ ಬಾಳುವ ಕಾಗದಗಳು ಹೆಚ್ಚಿಲ್ಲ.

ಅಲ್ಲಿಯ ಹಕ್ಕಿಗಳಿಗೆ ತಮಿಳರು ಇಟ್ಟಿರುವ ಹೆಸರುಗಳನ್ನು ಕೇಳಿದರೆ ಕಣ್ಣಿಗೆ ಹಕ್ಕಿಯೇ ಕಟ್ಟುತ್ತದೆ. ಕೊಕ್ಕಿನ ನಡುವೆ ಸಂದಿರುವ, ನಾವು ಬಾಯ್ಕಳಕ ಎನ್ನುವ ಹಕ್ಕಿ ಇಲ್ಲಿ ನತ್ತೈ ಕುತ್ತಿ ನಾರೈ, ಎಂದರೆ ಬಸವನಹುಳುವನ್ನು ಕುಕ್ಕುವ ಕೊಕ್ಕರೆ. ನಮ್ಮ ಚಮಚದ ಕೊಕ್ಕು ಇವರಿಗೆ ಕರಂಡಿ ವಾಯನ್, ಸೌಟಿನ ಬಾಯಿಯವನು. ಕೆಂಬರಲಿನ ಜಾತಿಯದು ಅರಿವಾಳ್ ಮೂಕ್ಕನ್, ಕುಡುಗೋಲು ಮೂಗಿನವನು. ರಾಜಹಂಸವೆಂದು ನಮ್ಮ ಪತ್ರಿಕೆಗಳು ಬರೆಯುವ ಫ್ಲೆಮಿಂಗೊ ಹಕ್ಕಿ ಪೂನಾರೈ, ಹೂವಿನಂಥ ನಾರೈ. ದನದ ಹಿಂದೆ ತಿರುಗುವ ನಮ್ಮ ಗೋವಕ್ಕಿ ಉಣ್ಣಿಕ್ಕೊಕ್ಕು. ದನದ ಮೈಯ ಉಣ್ಣೆಯಿಂದ ಬಂದ ಹೆಸರು. ಗದ್ದೆಯ ಬದುವಿನಲ್ಲಿ ಮಣ್ಣಿನ ಬಣ್ಣದಲ್ಲಿ ಮುದುರಿ ಕುಳಿತು, ಕಾಲ ಬಳಿ ಹೋಗುವವರೆಗೂ ಕದಲದೆ, ಹಾರಿದಾಗ ಮಾತ್ರ ಬಿಳಿಯ ರೆಕ್ಕೆ ತೋರಿಸುವ ಕೊಳದ ಬಕ ಕುರುಟ್ಟುಕ್ಕೊಕ್ಕು, ಕುರುಡು ಕೊಕ್ಕು.

ಒಂದೊಂದು ಹೆಸರೂ ಒಂದೊಂದು ಬಗೆಯ ನೀರನ್ನು ಹೇಳುತ್ತದೆಂಬುದನ್ನು ಓದುಗರು ಗಮನಿಸಬೇಕು. ಬೆಳ್ಳಕ್ಕಿಗೆ ದಡದ ಅಂಚಿನ ತೆಳುನೀರು ಬೇಕು. ಬಣ್ಣದ ಕೊಕ್ಕರೆ ಮೊಣಕಾಲುದ್ದದ ನೀರಿನಲ್ಲಿ ಕೊಕ್ಕನ್ನು ಅರೆತೆರೆದು ಅದ್ದಿ ನಡೆಯುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಬಾಯ್ಕಳಕಕ್ಕೆ ಬಸವನಹುಳುವಿರುವ ಗದ್ದೆ, ಜೌಗು ಬೇಕು. ಹೆಜ್ಜಾರ್ಲೆಗೆ ಈಜಲು ಆಳದ ನೀರು, ದೊಡ್ಡ ಮೀನು ಬೇಕು. ಅಂಚನ್ನು ಕಡಿದು ಕೆರೆಯನ್ನು ಬಾವಿಯಂತೆ ಆಳ ಮಾಡಿ, ಸುತ್ತ ಕಲ್ಲು ಕಟ್ಟಿದರೆ ನೀರೇನೋ ನಿಲ್ಲುತ್ತದೆ, ಹೆಜ್ಜಾರ್ಲೆಯೂ ಬಂದೀತು. ನಡೆದು ಮೇಯುವ ಹಕ್ಕಿಗಳು ಹೊರಟುಹೋಗುತ್ತವೆ. ಅಂದಮೇಲೆ 'ಕೆರೆಯಲ್ಲಿ ಕೊಕ್ಕರೆಯಿದೆ' ಎಂಬ ವರದಿಯಿಂದ ಏನೂ ತಿಳಿಯದು. ಯಾವ ಕೊಕ್ಕರೆ ಎಂದು ಹೇಳಬಲ್ಲವನು ಕೆರೆಯ ಆರೋಗ್ಯವನ್ನೇ ಹೇಳಬಲ್ಲ.

ಚೆನ್ನೈಯಲ್ಲಿರುವ ನಮಗೆ ಈ ಮಾತು ದೂರದ್ದಲ್ಲ. ನಮ್ಮಲ್ಲಿ ಎಷ್ಟೋ ಜನ ಸೀರೆ ಕೊಳ್ಳಲು ಹೋಗುವ ತ್ಯಾಗರಾಯ ನಗರ 1920ರ ದಶಕದಲ್ಲಿ ಮಾಂಬಲದ ಉದ್ದನೆಯ ಕೆರೆಯನ್ನು ಬರಿದುಮಾಡಿ ಕಟ್ಟಿದ ಬಡಾವಣೆ. ಪಶ್ಚಿಮ ಮಾಂಬಲದ ಲೇಕ್ ವ್ಯೂ ರಸ್ತೆಯಲ್ಲಿ ನಿಂತು ನೋಡಿದರೆ ಕೆರೆ ಕಾಣುವುದಿಲ್ಲ, ಕೆರೆಯ ಹೆಸರು ಕಾಣುತ್ತದೆ. 1976ರಲ್ಲಿ ಉದ್ಘಾಟನೆಯಾದ ವಳ್ಳುವರ್ ಕೋಟ್ಟಂ ಇರುವುದು ನುಂಗಂಬಾಕ್ಕಂ ಕೆರೆಯಿದ್ದ ಜಾಗದಲ್ಲಿ. ಅಲ್ಲಿ 1,330 ಕುರಳುಗಳನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕೊಕ್ಕಿನ ಕುರಳೂ ಅವುಗಳಲ್ಲಿ ಸೇರಿದೆ; ಕೊಕ್ಕು ನಿಲ್ಲುತ್ತಿದ್ದ ನೀರು ಮಾತ್ರ ಇಲ್ಲ.

ಊರಿನ ದಕ್ಷಿಣಕ್ಕೆ ಪಳ್ಳಿಕ್ಕರಣೈ ಜೌಗಿದೆ. ಒಂದು ಕಾಲದಲ್ಲಿ ಅದು ಐದು ಸಾವಿರ ಹೆಕ್ಟೇರಿಗೂ ಮೇಲ್ಪಟ್ಟು ಹರಡಿತ್ತೆಂದು ಲೆಕ್ಕ. ಸುತ್ತಲಿನ ಹತ್ತಾರು ಏರಿಗಳ ಹೆಚ್ಚುವರಿ ನೀರು ಅಲ್ಲಿ ಬಂದು ನಿಂತು, ಮೆಲ್ಲನೆ ಸಮುದ್ರಕ್ಕೆ ಸೇರುತ್ತಿತ್ತು. ಅದರ ಮೇಲೆ ರಸ್ತೆ ಬಂತು, ಕಚೇರಿಗಳು ಬಂದುವು, ಊರಿನ ಕಸದ ರಾಶಿ ಬಂತು, 'ಮನೈ' ಹಲಗೆಗಳೂ ಬಂದುವು. ಇದು ಸುಲಭವಾಗಿ ನಡೆದುಹೋದದ್ದಕ್ಕೆ ಅದರ ಹೆಸರೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ಕಂದಾಯದ ಕಡತದಲ್ಲಿ ಇಂಥ ನೆಲಕ್ಕೆ ಪೊರಂಬೋಕು ಎಂದು ಹೆಸರು. ಯಾರೊಬ್ಬರ ಖಾತೆಗೂ ಸೇರದ, ಕಂದಾಯವಿಲ್ಲದ, ಎಲ್ಲರಿಗೂ ಬೇಕಾದ ಕೆರೆ, ಗೋಮಾಳ, ದಾರಿ, ಸ್ಮಶಾನ ಎಂಬುದು ಆ ಮಾತಿನ ನಿಜವಾದ ಅರ್ಥ. ಬೀದಿಯಲ್ಲಿ ಅದು ಕೆಲಸಕ್ಕೆ ಬಾರದವನನ್ನು ಬೈಯುವ ಮಾತಾಗಿಬಿಟ್ಟಿದೆ. ನಾವೇನೂ ಕಡಮೆಯವರಲ್ಲ, ಹಳೆಯ ಮೈಸೂರಿನ ಕಡತಗಳಲ್ಲಿ ಇಂಥ ನೆಲವನ್ನೇ ಖರಾಬು ಎಂದು ಬರೆದೆವು. ಎಲ್ಲರ ನೆಲಕ್ಕೆ ಕೆಟ್ಟ ಹೆಸರಿಟ್ಟ ಮೇಲೆ ಅದನ್ನು ಮುಚ್ಚಲು ಯಾರಿಗೆ ಸಂಕೋಚ?

2015ರ ಡಿಸೆಂಬರಿನ ಮಳೆಯನ್ನು ಇಲ್ಲಿಯ ಕನ್ನಡ ಕುಟುಂಬಗಳು ಮರೆತಿರಲಾರವು. ಆಗ ನಾವು ವೇಳಚ್ಚೇರಿಯ ಕಡೆ ಬಾಡಿಗೆಗಿದ್ದೆವು. ನೆಲದ ಅಂತಸ್ತಿಗೆ ಸೊಂಟದವರೆಗೆ ನೀರು ಬಂತು. ಅಕ್ಕಿಯ ಡಬ್ಬ, ಮದುವೆಯ ಹಾಸಿಗೆ, ಪರೀಕ್ಷೆಗೆಂದು ಕೂಡಿಟ್ಟಿದ್ದ ಪುಸ್ತಕಗಳು ಎಲ್ಲವೂ ಹೋದುವು. ಮಹಡಿಯಲ್ಲಿದ್ದ ಮನೆಯ ಯಜಮಾನರು ನಮ್ಮನ್ನು ಮೇಲಕ್ಕೆ ಕರೆದು ನಾಲ್ಕು ದಿನ ಅನ್ನ ಹಾಕಿದರು. ಮೂರನೆಯ ದಿನ ಬೆಳಗ್ಗೆ ಮಳೆ ನಿಂತಾಗ ಬೀದಿಯ ನೀರಿನಲ್ಲಿ ಒಂದು ಬಿಳಿಯ ಕೊಕ್ಕು ನಿಂತು ಮೀನು ಹಿಡಿಯುತ್ತಿತ್ತು. ಪಾಪ, ದಾರಿ ತಪ್ಪಿ ಬಂದಿದೆ ಎಂದು ನಮ್ಮ ಮನೆಯಾಕೆ ಹೇಳಿದಾಗ ಯಜಮಾನರು, "ಇಲ್ಲಮ್ಮ, ಅದು ಅದರ ಜಾಗಕ್ಕೇ ಬಂದಿದೆ. ನಾನು ಹುಡುಗನಾಗಿದ್ದಾಗ ಇಲ್ಲಿ ಗದ್ದೆಯಿತ್ತು, ಆಚೆಗೆ ಏರಿಯಿತ್ತು" ಎಂದು ತಮಿಳಿನಲ್ಲಿ ಹೇಳಿದರು.

2007ರಲ್ಲಿ ಜೌಗಿನ 317 ಹೆಕ್ಟೇರನ್ನು ಕಾದಿಟ್ಟ ಅರಣ್ಯವೆಂದು ಸಾರಿದರು. 2022ರಲ್ಲಿ ಸುಮಾರು 1,248 ಹೆಕ್ಟೇರು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ವೇಡಂತಾಂಗಲ್ ಮತ್ತು ನಮ್ಮ ಶ್ರೀರಂಗಪಟ್ಟಣದ ರಂಗನತಿಟ್ಟು ಸಹ ಅದೇ ವರ್ಷ ಆ ಪಟ್ಟಿಯನ್ನು ಸೇರಿದುವು. ಇದು ಸಮಾಧಾನದ ವಿಷಯ. ಆದರೂ ಪೆರುಂಗುಡಿಯ ಕಸದ ಕಡೆ ಕೈ ತೋರಿಸಿ, "ಕೊಕ್ಕುಗಳು ಇನ್ನೂ ಇವೆಯಲ್ಲ, ನೀರಿಗೇನಾಗಿದೆ?" ಎನ್ನುವವರುಂಟು. ಕಸದ ಬಳಿ ಕಾಣುವ ಬಿಳಿಯ ಹಕ್ಕಿ ಗೋವಕ್ಕಿ. ಅದು ಹುಳು, ನೊಣ ತಿಂದು ಒಣನೆಲದಲ್ಲಿಯೂ ಬದುಕುತ್ತದೆ. ಅದು ಇದ್ದ ಮಾತ್ರಕ್ಕೆ ನೀರಿದೆಯೆಂದು ಅರ್ಥವಲ್ಲ. ನೀರಿಗೆ ಸಾಕ್ಷಿ ಹೇಳಬಲ್ಲವು ನಾರೈಗಳು, ಬಾಯ್ಕಳಕಗಳು, ಹೆಜ್ಜಾರ್ಲೆಗಳು. ಅವು ಇನ್ನೂ ಪಳ್ಳಿಕ್ಕರಣೈಗೆ ಬರುತ್ತಿವೆ. ಒಂದು ವರ್ಷ ಬಾರದೆ ಹೋದರೆ, ಅದನ್ನು ಗುರುತಿಸುವವರು ನಮ್ಮ ಮನೆಗಳಲ್ಲಿ ಇರುತ್ತಾರೆಯೇ ಎಂಬುದೇ ನಮ್ಮ ಚಿಂತೆ.

ಪರಸ್ಥಳದಲ್ಲಿದ್ದವರಿಗೂ ಈ ಹಕ್ಕಿಗಳಿಗೂ ಹಳೆಯ ನಂಟು. ಸತ್ತಿಮುತ್ತದ ಪುಲವರೆಂಬ ಬಡ ತಮಿಳು ಕವಿಯೊಬ್ಬರು ಮದುರೆಯಲ್ಲಿ ಚಳಿಯಲ್ಲಿ ನಡುಗುತ್ತ, ಉತ್ತರಕ್ಕೆ ಹೊರಟ ಕೆಂಗಾಲಿನ ನಾರೈಯನ್ನು ಕಂಡು, ತನ್ನೂರಿನ ಕೆರೆಯಲ್ಲಿಳಿದು ಹೆಂಡತಿಗೆ ತನ್ನ ಸ್ಥಿತಿಯನ್ನು ತಿಳಿಸೆಂದು ಬೇಡಿಕೊಂಡ ಪದ್ಯ ಇಲ್ಲಿ ಬಹು ಪ್ರಸಿದ್ಧ. ಹಕ್ಕಿ ಇಳಿಯಲು ಊರಿನಲ್ಲಿ ಕೆರೆಯಿತ್ತೆಂಬುದನ್ನೂ, ಯಾವ ನಾರೈಯೆಂದು ಕವಿಗೆ ಗೊತ್ತಿತ್ತೆಂಬುದನ್ನೂ ನಾವು ಮರೆಯಬಾರದು.

ನಮ್ಮ ಮಕ್ಕಳಿಗೆ ಕನ್ನಡದ ಹೆಸರು ಹೇಳಿಕೊಡಬೇಕೋ, ತಮಿಳಿನದೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಆಗಾಗ ನಡೆಯುತ್ತದೆ. ಎರಡನ್ನೂ ಕೊಡೋಣ ಎಂಬುದು ನಮ್ಮ ಸಲಹೆ. ಎರಡೂ ಇಲ್ಲದೆ, ಕಂಡ ಹಕ್ಕಿಯನ್ನೆಲ್ಲ 'ಬರ್ಡ್' ಎನ್ನುವ ಮಗುವಿಗೆ ಕೆರೆಯೂ ಒಂದೇ, ನಿವೇಶನವೂ ಒಂದೇ. ಮಳೆಗಾಲ ಕಳೆದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯೊಳಗೆ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ವೇಡಂತಾಂಗಲ್ಲಿಗೆ ಹೋಗಿ ಬನ್ನಿ. ಹಿಂಗಾರು ಕೈಕೊಟ್ಟ ವರ್ಷ ಕೆರೆ ಬತ್ತಿ ಹಕ್ಕಿಗಳು ಬಾರವು, ವಿಚಾರಿಸಿಕೊಂಡು ಹೊರಡುವುದೊಳ್ಳೆಯದು. ಅಷ್ಟು ದೂರ ಆಗದವರು ಪಳ್ಳಿಕ್ಕರಣೈಯ ರಸ್ತೆಯ ಬದಿಯಲ್ಲಿ ಬೆಳಗಿನ ಅರ್ಧ ಗಂಟೆ ನಿಂತರೂ ಆದೀತು. ಕತ್ತು ಮಡಿಸಿ ಹಾರುವುದಾವುದು, ಚಾಚಿ ಹಾರುವುದಾವುದು ಎಂದು ಮಕ್ಕಳೇ ಎಣಿಸಲಿ.

ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ, ನಿಮ್ಮ ಸೀಮೆಯ ಕೆರೆಗೆ ಬರುವ ಹಕ್ಕಿಗಳ ಹೆಸರುಗಳನ್ನು ಬರೆದುಕೊಂಡು ಬನ್ನಿ. ಧಾರವಾಡದ್ದೊಂದು, ಉಡುಪಿಯದೊಂದು, ಕೋಲಾರದ್ದೊಂದು ಹೆಸರು ಇದ್ದೇ ಇರುತ್ತದೆ. ಜೊತೆಗೆ ಪಕ್ಕದ ಮನೆಯವರು ಹೇಳುವ ತಮಿಳು ಹೆಸರನ್ನೂ ಬರೆದು ಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅವನ್ನೆಲ್ಲ ಒಂದೆಡೆ ಅಚ್ಚು ಮಾಡಿದರೆ ನಮ್ಮ ಮಕ್ಕಳ ಕೈಗೆ ಎರಡು ನಾಡಿನ ನೀರುಹಕ್ಕಿಗಳ ಒಂದು ಪುಟ್ಟ ಪಟ್ಟಿ ಸಿಕ್ಕೀತು.